ಯೋಧನ ಋಣವೂ ಬೇಟೆಯ ಪರವಾನಗಿಯೂ

ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ, ಸೇನೆಯಲ್ಲಿದ್ದು ಅಂಗವಿಕಲರಾದ ಮಾಜಿ ಯೋಧರಿಗೆ ಮೀನು ಹಿಡಿಯುವುದಕ್ಕೂ ಬೇಟೆಯಾಡುವುದಕ್ಕೂ ಶುಲ್ಕವಿಲ್ಲದೆ ಪರವಾನಗಿಯನ್ನು ಕೊಡುವ ಪದ್ಧತಿಯುಂಟು. ಇದನ್ನು ಮೊದಲು ಕೇಳಿದಾಗ ಪಾಠಶಾಲೆಯಲ್ಲಿ ಬೆಳೆದ ನನಗೆ ನಗು ಬಂದಿತೆಂದು ಒಪ್ಪಿಕೊಳ್ಳುವೆನು. ಕಾಲನ್ನು ಕಳೆದುಕೊಂಡವನಿಗೆ ಜಿಂಕೆಯನ್ನು ಕೊಲ್ಲುವ ಅಧಿಕಾರವೇ ಪರಿಹಾರವೆ? ಆದರೆ ನಗುವು ವಿಚಾರವಾಗಲಾರದು.

ನಮ್ಮ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅದರ ಕಾಲ ಶಕ 872, ಎಂದರೆ ಕ್ರಿ. ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ ಕಾಲದಲ್ಲಿ, ಬೂತುಗನ ಕಡೆಯ ಮಣಲೇರನೆಂಬವನು ಪರಾಕ್ರಮವನ್ನು ತೋರಿದನು. ಮೆಚ್ಚಿದ ಒಡೆಯನು ನಿನಗೇನು ಬೇಕೆಂದಾಗ, ಅವನು ಕಾಳಿಯೆಂಬ ಬೇಟೆಯ ನಾಯಿಯನ್ನು ಕೇಳಿ ಪಡೆದನು. ಆ ನಾಯಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗಾಗಿ ನೆಟ್ಟ ಕಲ್ಲೇ ಇದು. ಅದರ ಪೂಜೆಗಾಗಿ ಭೂಮಿಯನ್ನೂ ಬಿಟ್ಟರು. ಮಣಲೇರನು ಅಂಗವಿಕಲನಾಗಿದ್ದನೆಂದು ನಾನು ಹೇಳಹೊರಟಿಲ್ಲ. ನಾನು ಕಾಣುವುದು ಇಷ್ಟೆ: ಬೇಕಾದುದನ್ನು ಹೇಳಿದವನು ಯೋಧನು, ಕೊಟ್ಟವನು ಒಡೆಯನು, ಆ ಮಾತಿನಲ್ಲಿ ಎಲ್ಲಿಯೂ ಕನಿಕರದ ಸೋಂಕಿಲ್ಲ.

ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನಮ್ಮ ಶಾಸನಗಳು ನೆತ್ತರುಗೊಡಗೆ ಎಂಬ ಹೆಸರನ್ನಿಟ್ಟವು. ನೆತ್ತರಿಗೆ ಪ್ರತಿಯಾಗಿ ಬಂದದ್ದು ಎಂಬ ಅರ್ಥವು ಆ ಹೆಸರಿನಲ್ಲಿಯೇ ಇದೆ. ಮಹಾಭಾರತದ ಸಭಾಪರ್ವದಲ್ಲಿ ನಾರದರು ಯುಧಿಷ್ಠಿರನನ್ನು ಪ್ರಶ್ನಿಸುವಾಗ, ನಿನಗಾಗಿ ಸತ್ತವರ ಮತ್ತು ಸಂಕಟಕ್ಕೀಡಾದವರ ಮಡದಿಯರನ್ನು ಪೋಷಿಸುತ್ತಿರುವೆಯಷ್ಟೆ ಎಂದು ಕೇಳುತ್ತಾರೆ. ಕುರುಡರನ್ನೂ ಹೆಳವರನ್ನೂ ಬಂಧುಗಳಿಲ್ಲದವರನ್ನೂ ತಂದೆಯಂತೆ ಕಾಪಾಡುತ್ತಿರುವೆಯಷ್ಟೆ ಎಂದು ಬೇರೆಯಾಗಿ ಕೇಳುತ್ತಾರೆ. ಮೊದಲನೆಯದು ಋಣ, ಎರಡನೆಯದು ಕರುಣೆ. ಕಾಲಿಲ್ಲದ ಯೋಧನು ನೋಡುವ ಕಣ್ಣಿಗೆ ಎರಡನೆಯ ಸಾಲಿನಲ್ಲಿ ನಿಂತಂತೆ ತೋರುತ್ತಾನೆ. ಧರ್ಮತಃ ಅವನು ಮೊದಲನೆಯ ಸಾಲಿನವನು.

ಈ ಭೇದವನ್ನು ನಾನು ವರ್ಷಗಟ್ಟಲೆ ಬೋಧಿಸಿದ್ದೆನು, ಅರಿತಿರಲಿಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ಗಡಿಯಲ್ಲಿ ಒಂದು ಕಾಲನ್ನು ಕಳೆದುಕೊಂಡು ಪಾಂಡವಪುರದ ಕಡೆಯ ತನ್ನ ಹಳ್ಳಿಗೆ ಹಿಂದಿರುಗಿದ್ದಾನೆ. ಊರ ಕೆರೆಯಲ್ಲಿ ಗಾಳ ಹಾಕಿ ಕುಳಿತುಕೊಳ್ಳಲು ಅನುಮತಿ ಬೇಕೆಂದು ಅರ್ಜಿಯನ್ನು ಬರೆಸಲು ನನ್ನಲ್ಲಿಗೆ ಬಂದನು. ನಾನು ಅಭ್ಯಾಸಬಲದಿಂದ "ದಯಾಳುಗಳಾದ ತಾವು ಅಂಗಹೀನನಾದ ನನ್ನಲ್ಲಿ ಕೃಪೆಯಿಟ್ಟು" ಎಂದು ಬರೆದೆನು. ಆತನು ಓದಿ, "ಮೇಷ್ಟ್ರೇ, ಈ ಸಾಲನ್ನು ಹೊಡೆದುಹಾಕಿ. ನಾನು ಭಿಕ್ಷೆಗೆ ಬಂದಿಲ್ಲ" ಎಂದನು. ನನ್ನ ವಯಸ್ಸಿನಲ್ಲಿ ಶಿಷ್ಯನಿಂದ ತಿದ್ದಿಸಿಕೊಳ್ಳುವುದು ಸುಲಭವಲ್ಲ.

ಆದರೂ ಒಂದು ಸಂದೇಹ ಉಳಿಯುತ್ತದೆ. ಋಣವನ್ನು ತೀರಿಸುವವನು ತನ್ನ ಗಂಟಿನಿಂದಲೇ ತೀರಿಸಬೇಕಲ್ಲವೆ? ಸರ್ಕಾರವು ಶುಲ್ಕವನ್ನು ಬಿಟ್ಟರೆ ಬಿಟ್ಟದ್ದು ತನ್ನದು. ಮೃಗದ ಪ್ರಾಣವನ್ನು ಬಿಟ್ಟುಕೊಟ್ಟರೆ ಅದು ಯಾರದು? ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆಯೂ 1991ರ ತಿದ್ದುಪಡಿಯೂ ಬೇಟೆಯ ಪರವಾನಗಿಗೆ ಎಡೆಯಿಲ್ಲದಂತೆ ಮಾಡಿವೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಿಂದಲೂ ಹಕ್ಕಿಗಳ ಆಶ್ರಯಸ್ಥಾನವಾಗಿದೆ. ಮೇಲುಕೋಟೆಯ ಕಾಡು, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಧಾಮ ಇವೂ ರಕ್ಷಿತವಾಗಿವೆ. ಇದು ಸರಿಯೆಂದೇ ನನ್ನ ಮತ. ಮಣಲೇರನ ಕಾಲದ ಉಡುಗೊರೆ ಇಂದು ಸಲ್ಲದು.

ಮೀನಿನ ಮಾತು ಹಾಗಲ್ಲ. ನಾನು ಮೀನನ್ನು ಮುಟ್ಟದವನು; ಕೃಷ್ಣರಾಜಪೇಟೆಯ ಹೇಮಾವತಿಯ ದಡದಲ್ಲಿಯೂ ಕಾವೇರಿಯ ದಡದಲ್ಲಿಯೂ ಬಲೆಯನ್ನೇ ನಂಬಿ ಬದುಕುವ ಬೆಸ್ತರ ಮುಂದೆ ಅಹಿಂಸೆಯನ್ನು ಬೋಧಿಸುವ ಯೋಗ್ಯತೆ ನನಗಿಲ್ಲ. ಆದರೆ ಕೆರೆಯ ಮೀನನ್ನು ಹಣ ತೆತ್ತು ಗುತ್ತಿಗೆ ಹಿಡಿದವರ ಬುಟ್ಟಿಯಿಂದ ತೆಗೆದು ಯೋಧನಿಗೆ ಕೊಡುವುದು, ನೆರೆಮನೆಯ ಅಕ್ಕಿಯಿಂದ ಅತಿಥಿಸತ್ಕಾರ ಮಾಡಿದಂತೆ. ಇದನ್ನೂ ಆತನಿಗೆ ಹೇಳಿದೆನು. "ಗುತ್ತಿಗೆಯವರನ್ನು ಆಗಲೇ ಕೇಳಿದ್ದೇನೆ, ಒಂದು ಗಾಳಕ್ಕೆ ಏನಾದೀತು ಅಂದರು" ಎಂದನು. ಮೀನು ಸಿಕ್ಕುವುದೆ ಎಂದು ವಿಚಾರಿಸಿದೆನು. "ಸಿಕ್ಕದಿದ್ದರೂ ಅಡ್ಡಿಯಿಲ್ಲ. ಅಲ್ಲಿ ಕೂತರೆ ಕಾಲು ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಎಷ್ಟು ಬಿತ್ತು ಅಂತ ಕೇಳುತ್ತಾರೆ."

ಅರ್ಜಿಯನ್ನು ಎರಡನೆಯ ಸಲ ಬರೆದೆನು. ನಾಲ್ಕೇ ಸಾಲಾಯಿತು. ಆತನು ಓದಿ ರುಜು ಮಾಡಿ, ಊರುಗೋಲನ್ನು ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಟನು.