ಕೇಳುವ ಕಿವಿಯೂ ಅಮಾನತ್ತು

ಸಾಯಬೇಕೆನಿಸಿದವರು ಮನೆಯವರಿಗೆ ಹೇಳದ ಮಾತನ್ನು ಅಂತರ್ಜಾಲದ ಅಪರಿಚಿತರಿಗೆ ಹೇಳುತ್ತಾರೆ. ಏಕೆ? ಅಲ್ಲಿ ಗದರುವವರಿಲ್ಲ. ಆದರೆ ಅಲ್ಲಿ ಕೇಳಿಸಿಕೊಳ್ಳುವವರೆಲ್ಲ ಹಿತೈಷಿಗಳೂ ಅಲ್ಲ.

2017ರಲ್ಲಿ ಜಪಾನಿನ ಜಾಮಾ ನಗರದಲ್ಲಿ ಒಬ್ಬನ ಕೈಯಲ್ಲಿ ಒಂಬತ್ತು ಮಂದಿ ಕೊಲೆಯಾದುದು ಬಯಲಾಯಿತು. ಹೆಚ್ಚಿನವರು ಟ್ವಿಟರ್‌ನಲ್ಲಿ ಸಾವಿನ ಮಾತಾಡಿದ್ದವರು. ನೆರವಾಗುತ್ತೇನೆಂದು ನಂಬಿಸಿ ಆತ ಅವರನ್ನು ಕರೆಸಿಕೊಂಡಿದ್ದ. ಅವರೇ ಸಾವು ಬಯಸಿದ್ದರೆಂದು ಅವನ ವಕೀಲರು ವಾದಿಸಿದರು. 2020ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಯಾರೊಬ್ಬರೂ ಸಮ್ಮತಿಸಿರಲಿಲ್ಲ ಎಂದಿತು. 'ಸಾಯಬೇಕು' ಎಂಬುದಕ್ಕೆ ಎಷ್ಟೋ ವೇಳೆ 'ಈ ನೋವು ನಿಲ್ಲಬೇಕು' ಎಂದಷ್ಟೇ ಅರ್ಥ.

ಜೀವವು ಅಲ್ಲಾಹನ ಅಮಾನತ್ತು, ಅದನ್ನು ಕಳೆಯುವ ಹಕ್ಕು ನಮಗಿಲ್ಲವೆಂದು ನಾವು ನಂಬುತ್ತೇವೆ. ಆದರೆ 'ಹರಾಮ್' ಎಂದು ಹೇಳಿಬಿಟ್ಟರೆ ನಮ್ಮ ಹೊಣೆ ಮುಗಿಯಿತೇ? ಅಮಾನತ್ತಿನ ಕಾವಲು ನೊಂದವರೊಬ್ಬರದೇ ಅಲ್ಲ, ನಮ್ಮದೂ ಹೌದು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಆತ್ಮಹತ್ಯೆಗೆ ಯತ್ನಿಸಿದವರಿಗೆ ಶಿಕ್ಷೆಯಲ್ಲ, ಆರೈಕೆ ಬೇಕೆನ್ನುತ್ತದೆ. ಕಾನೂನಿಗಿರುವ ಕರುಣೆ ನಮ್ಮ ಮನೆಗಳಲ್ಲಿ ಬೇಡವೇ?

ಉಪದೇಶಕ್ಕೆ ಮೊದಲು ಪಕ್ಕದಲ್ಲಿ ಕೂರೋಣ. "ಸಾಯಬೇಕೆನಿಸುತ್ತಿದೆಯೇ?" ಎಂದು ನೇರವಾಗಿಯೇ ಕೇಳೋಣ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಭಾರ ಇಳಿಯುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಜೊತೆಗಿದ್ದು ಕರೆ ಮಾಡಿಸೋಣ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ನಾವು ಕಿವಿ ಮುಚ್ಚಿಕೊಂಡರೆ, ಆ ಮಾತು ಯಾರ ಕಿವಿಗೆ ಬೀಳುವುದೋ ಬಲ್ಲವರಾರು?