ಎಣಿಸುವವರ ಮನಸ್ಸಾಕ್ಷಿ



ದೇವರಾಜ ಮಾರುಕಟ್ಟೆಯ ಹಳೆಯ ವ್ಯಾಪಾರಿಗೆ ತನ್ನ ಗಿರಾಕಿಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಆನ್‌ಲೈನ್ ಅಂಗಡಿಯಲ್ಲಿ ಈ ಕೆಲಸ ಡೇಟಾ ಅನಲಿಸ್ಟ್‌ಗಳದು. ಗಿರಾಕಿ ಏನನ್ನು ನೋಡಿದ, ಏನನ್ನು ಬುಟ್ಟಿಗೆ ಹಾಕಿ ಕೊಳ್ಳದೆ ಬಿಟ್ಟ, ಮತ್ತೆ ಯಾವಾಗ ಬಂದ ಎಂಬುದನ್ನು ಅವರು ಲೆಕ್ಕ ಹಾಕುತ್ತಾರೆ. ಅದು ಗೌರವದ ದುಡಿಮೆ. ಗಿರಾಕಿಯ ಕಷ್ಟ ತಿಳಿಯದೆ ಅವನ ಸೇವೆ ಹೇಗೆ ಸಾಧ್ಯ?

ನಮ್ಮ ಮೈಸೂರಿನಲ್ಲೇ ಮನೆಯಿಂದ ಇಂಥ ಹಿರಿಯ ಹುದ್ದೆಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಒಮ್ಮೆ ನನ್ನ ಬಳಿ ಬಂದಳು. ಅವಳ ಕಂಪನಿ ಅರ್ಧ ಗಿರಾಕಿಗಳಿಗೆ ಹಳೆಯ ಪುಟವನ್ನೂ, ಉಳಿದರ್ಧಕ್ಕೆ ಹೊಸ ಪುಟವನ್ನೂ ತೋರಿಸಿತ್ತು. ಹೊಸದರಲ್ಲಿ ಚಂದಾ ರದ್ದು ಮಾಡುವ ಗುಂಡಿ ಮೂರು ಪುಟ ಒಳಗೆ ಅಡಗಿತ್ತು. ಬಿಟ್ಟುಹೋಗುವವರು ಕಡಿಮೆಯಾದರು. "ಲೆಕ್ಕ ಸರಿಯಾಗಿಯೇ ಇದೆ ಫಾದರ್, ಆದರೂ ನಿದ್ದೆ ಬರುತ್ತಿಲ್ಲ. ನಾನು ಅಂಕಿ ಕೊಟ್ಟೆ ಅಷ್ಟೇ, ತೀರ್ಮಾನ ಮೇಲಿನವರದು. ಇದರಲ್ಲಿ ನನ್ನ ಪಾಲೇನು?" ಎಂದಳು.

ನೈತಿಕ ದೈವಶಾಸ್ತ್ರಕ್ಕೆ ಇದು ಹಳೆಯ ಪ್ರಶ್ನೆ. ತಪ್ಪಿನ ಉದ್ದೇಶವನ್ನೇ ಒಪ್ಪಿ ಸೇರುವುದು ಬೇರೆ. ಒಪ್ಪದೆಯೂ ದುಡಿಮೆಯಿಂದ ನೆರವಾಗುವುದು ಬೇರೆ. ಎರಡನೆಯದರಲ್ಲಿ ನೆರವು ಎಷ್ಟು ಹತ್ತಿರದ್ದು, ಬೇರೆ ದಾರಿ ಇತ್ತೇ ಎಂದು ಅದು ಕೇಳುತ್ತದೆ. ಸಂಬಳ ನಂಬಿದ ಸಂಸಾರವನ್ನು ಮರೆತು "ಕೆಲಸ ಬಿಡು" ಎನ್ನುವುದು ಸುಲಭ. ನಾನು ಹಾಗೆನ್ನಲಿಲ್ಲ.

ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂದು ತತ್ವಜ್ಞಾನಿ ಕಾಂಟ್ 1785ರಲ್ಲಿ ವಾದಿಸಿದರು. 'ಕೇವಲ' ಎಂಬ ಮಾತನ್ನು ಗಮನಿಸಿ. ಗಿರಾಕಿಯಿಂದ ಲಾಭ ಪಡೆಯುವುದು ತಪ್ಪಲ್ಲ. ಅವನ ಇಚ್ಛೆಗೆ ಬಾಗಿಲು ಮುಚ್ಚಿ ಪಡೆಯುವುದು ತಪ್ಪು. ನಮ್ಮ ಕಾನೂನೂ ಇದನ್ನು ಗುರುತಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿಗಳು ಆನ್‌ಲೈನ್ ವ್ಯಾಪಾರದ 13 ಬಗೆಯ ಮರೆಮೋಸಗಳನ್ನು ಹೆಸರಿಸಿ ನಿಷೇಧಿಸಿವೆ. ಚಂದಾ ರದ್ದತಿಯನ್ನು ಕಠಿಣಗೊಳಿಸುವುದು ಅವುಗಳಲ್ಲೊಂದು.

ಹಾಗಾದರೆ ಅವಳ ಪಾಲು ಯಾವುದು? ಅಂಕಿ ಸುಳ್ಳಾಡದಿರಬಹುದು, ಆದರೆ ಯಾವುದನ್ನು ಎಣಿಸಬೇಕೆಂದು ಅಂಕಿ ತಾನೇ ಆರಿಸುವುದಿಲ್ಲ, ಮನುಷ್ಯ ಆರಿಸುತ್ತಾನೆ. "ಎಷ್ಟು ಮಂದಿ ಉಳಿದರು" ಎಂದು ಬರೆದವಳು "ಅವರಲ್ಲಿ ಎಷ್ಟು ಮಂದಿ ಗುಂಡಿ ಹುಡುಕಿ ಸೋತರು" ಎಂದೂ ಬರೆಯಬಲ್ಲಳು. ಅದಕ್ಕೂ ಲೆಕ್ಕ ಅವಳ ಬಳಿಯೇ ಇದೆ. ಆ ಎರಡನೆಯ ಸಾಲನ್ನು ಬರೆಯುವುದೇ ಅವಳ ಕರ್ತವ್ಯ. ಅದನ್ನು ಓದಿದ ಮೇಲೆ ಮೇಲಿನವರು ತಿಳಿಯಲಿಲ್ಲವೆನ್ನುವಂತಿಲ್ಲ.

ಅವಳು ಆ ಸಾಲನ್ನು ಬರೆದಳು. ಪುಟ ಇನ್ನೂ ಬದಲಾಗಿಲ್ಲ. ಆದರೆ ಮುಂದಿನ ಸಭೆಯಲ್ಲಿ ಅದರ ಬಗ್ಗೆ ಪ್ರಶ್ನೆಯೊಂದು ಎದ್ದಿತಂತೆ.

ನಿಮ್ಮ ಮನೆಯಲ್ಲೂ ಇಂಥ ದುಡಿಮೆಯ ಮಕ್ಕಳಿರಬಹುದು. ಅವರ ಸಂಬಳವನ್ನು ಕೇಳುವ ನಾವು, ಊಟದ ಹೊತ್ತಿನಲ್ಲಿ ಒಮ್ಮೆ ಅವರ ಕೆಲಸವನ್ನೂ ಕೇಳೋಣ. ಎರಡನೆಯ ಸಾಲು ಬರೆಯುವ ಧೈರ್ಯ ಅವರಿಗೆ ಮನೆಯಿಂದಲೇ ಸಿಗಬೇಕು.