ಕಬಿನಿಯ ಅಡಿ ಲೆಕ್ಕ
ಮಳೆಗಾಲ ಶುರುವಾದರೆ ಪತ್ರಿಕೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಜಲಾಶಯಗಳ ಪಟ್ಟಿಗೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಕಬಿನಿ 2284 ಅಡಿ. ಚಿಕ್ಕಂದಿನಲ್ಲಿ ಕಬಿನಿಯೇ ಭಾರಿ ಆಳ ಅಂದುಕೊಂಡಿದ್ದೆ. ಆದರೆ ಕೆಆರ್‌ಎಸ್, ಅಂದರೆ ಕನ್ನಂಬಾಡಿಯ ನೀರನ್ನು ಕಟ್ಟೆಯ ತಳದಿಂದ ಅಳೆಯುತ್ತಾರೆ, ಕಬಿನಿಯದನ್ನು ಸಮುದ್ರಮಟ್ಟದಿಂದ. ಹಿಡಿಯುವ ನೀರು ನೋಡಿದರೆ ಕಬಿನಿಯದು 19.52 ಟಿಎಂಸಿ, ಕನ್ನಂಬಾಡಿಯ ಅರ್ಧಕ್ಕಿಂತ ಕಡಿಮೆ.

ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ಕಬಿನಿಗೆ ಕಟ್ಟೆ ಮುಗಿದದ್ದು 1974ರಲ್ಲಿ. ಅಂದಿನಿಂದ ಬೀಚನಹಳ್ಳಿ ಅಂದರೆ ಊರಲ್ಲ, ಡ್ಯಾಮು. ಹೊಳೆ ಹುಟ್ಟುವುದು ವಯನಾಡಿನಲ್ಲಿ. ಪನಮರಂ, ಮಾನಂದವಾಡಿ ಹೊಳೆಗಳು ಕೂಡಿ ಕಬಿನಿಯಾಗುತ್ತವೆ. ಹಾಗಾಗಿ ಕೋಟೆಯಲ್ಲಿ ಹನಿ ಬೀಳದಿದ್ದರೂ ಒಳಹರಿವು ಏರುತ್ತದೆ. ಗೇಟು ತೆಗೆದರೆ ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ, ನೀರು ಹೆಚ್ಚಾದರೆ ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯೇ ಬಂದ್.

ನೀರು ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವುದನ್ನು ಆ ಪಟ್ಟಿ ದಿನಾ ಹೇಳುತ್ತದೆ. ಯಾವುದರ ಮೇಲೆ ನಿಂತಿದೆ ಅನ್ನುವುದಕ್ಕೆ ಅದರಲ್ಲಿ ಕಾಲಮ್ಮಿಲ್ಲ.

ಹಿನ್ನೀರಿನಡಿ ಹೋದ ಊರುಗಳಲ್ಲಿ ಕಿತ್ತೂರು ಒಂದು. ಇತಿಹಾಸಕಾರರು ಅದನ್ನು ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ ಎಂದು ಗುರುತಿಸಿದ್ದಾರೆ. 2ನೇ ಶತಮಾನದ ಭೂಗೋಳಕಾರ ಟಾಲೆಮಿ ಅಷ್ಟು ದೂರ ಕೂತು ಬರೆದ ಪುಸ್ತಕದಲ್ಲೂ ಪುನ್ನಾಟದ ಹೆಸರಿದೆ, ಅಲ್ಲಿ ಬೆರಿಲ್ ಹರಳು ಸಿಗುತ್ತದೆ ಎಂಬ ಮಾತಿನೊಂದಿಗೆ. ಪುನ್ನಾಟದ ಸ್ಕಂದವರ್ಮನ ಮಗಳು ಜ್ಯೇಷ್ಠಾದೇವಿ ಗಂಗರ ಅವಿನೀತನ ಕೈಹಿಡಿದಳು. ಅವಳ ಮಗ ದುರ್ವಿನೀತನ ಕಾಲಕ್ಕೆ ತಾಯಿಯ ತವರೇ ಗಂಗರ ಪಾಲಾಯಿತು. ಮೊದಲು ಮದುವೆಯಲ್ಲಿ ಕರಗಿದ ರಾಜ್ಯ, ಆಮೇಲೆ ನೀರಲ್ಲಿ.

ಇಟಲಿಯ ಆಲ್ಪ್ಸ್ ಕಣಿವೆಯ ಕುರೋನ್ ಎಂಬ ಹಳ್ಳಿಯೂ 1950ರಲ್ಲಿ ಹೀಗೇ ಮುಳುಗಿತು, ವಿದ್ಯುತ್ತಿಗಾಗಿ. ಆದರೆ ಅಲ್ಲಿನ 14ನೇ ಶತಮಾನದ ಚರ್ಚಿನ ಗಂಟೆಗೋಪುರ ಇಂದಿಗೂ ಕೆರೆಯ ಮಧ್ಯೆ ತಲೆಯೆತ್ತಿ ನಿಂತಿದೆ. ಗಂಟೆಗಳನ್ನು ಆಗಲೇ ಇಳಿಸಿಕೊಂಡು ಹೋಗಿದ್ದಾರೆ. ಆದರೂ ಚಳಿಗಾಲದಲ್ಲಿ ನಾದ ಕೇಳುತ್ತದೆ ಎಂದು ಜನ ಹೇಳುತ್ತಾರಂತೆ. ಪ್ರವಾಸಿಗರು ಅದನ್ನು ಕೇಳಲೆಂದೇ ಬರುತ್ತಿರಬೇಕು. ನಮ್ಮ ಕಬಿನಿಯಲ್ಲಿ ಹಾಗೆ ಬೊಟ್ಟು ಮಾಡಿ ತೋರಿಸಲು ಗೋಪುರವಿಲ್ಲ. ಸಫಾರಿಗೆ ಬಂದವರು ಕೇಳುವುದೂ ಹುಲಿಯನ್ನೇ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮಾತ್ರ ಕಣಿವೆ ಅಷ್ಟಿಷ್ಟು ಬಿಚ್ಚಿಕೊಳ್ಳುತ್ತದೆ. ಕಪ್ಪಿಟ್ಟ ಮರದ ಬೊಡ್ಡೆಗಳು ಏಳುತ್ತವೆ, ಬಯಲಾದ ಮಣ್ಣಿನ ಮೇಲೆ ಹಸಿರು ಹುಲ್ಲು ಬರುತ್ತದೆ. ಆ ಹುಲ್ಲಿಗೆ ನಾಗರಹೊಳೆ, ಬಂಡೀಪುರ ಎರಡೂ ಕಡೆಯಿಂದ ಆನೆಗಳು ಹಿಂಡುಗಟ್ಟಿ ಇಳಿಯುತ್ತವೆ. ಇದೇ ಕಾಕನಕೋಟೆ ಸೀಮೆಯಲ್ಲಿ 1971ರವರೆಗೂ ಖೆಡ್ಡಾ ನಡೆದಿತ್ತು. ತಮಟೆ, ಕೂಗು, ಬೆಂಕಿಗಳಿಂದ ಬೆದರಿಸಿ ಆನೆಗಳನ್ನು ಹಿಡಿಯಲು ಅಟ್ಟಿ ತರುತ್ತಿದ್ದರು. ಈಗ ಅವು ಯಾರೂ ಅಟ್ಟದೆ, ಮರಿಗಳನ್ನು ನಡುವೆ ಬಿಟ್ಟುಕೊಂಡು ಸಾವಕಾಶ ಬರುತ್ತವೆ. ಜೂನ್‌ನಲ್ಲಿ ವಯನಾಡಿನ ಮೋಡ ಒಡೆದು ಪಟ್ಟಿಯಲ್ಲಿ ಅಂಕಿ ಏರತೊಡಗಿದರೆ, ದಿನಕ್ಕಿಷ್ಟು ಎಂದು ಹಿಂದೆ ಸರಿದು ಕಾಡು ಸೇರುತ್ತವೆ.